ಪ್ರಮಾಣ ಮಾಡಿ ಹೇಳುವುದೇನೆಂದರೆ

ಹೊಸಪೇಟೆಯ ಕೋರ್ಟಿನ ಎದುರು ನಮ್ಮಪ್ಪ ಬಹಳ ವರ್ಷ ಟೈಪಿಂಗ್ ಮಾಡಿಕೊಂಡಿದ್ದರು. ಅರ್ಜಿ, ಕರಾರುಪತ್ರ, ಅಫಿಡವಿಟ್ ಏನೇ ಇರಲಿ, ಹಳ್ಳಿಯಿಂದ ಬಂದವರು ಎದುರಿಗೆ ಕೂತು ಹೇಳುವುದು, ಅಪ್ಪ ಬಡಿಯುವುದು. ಬೇಸಿಗೆ ರಜೆಯಲ್ಲಿ ನಾನು ಪಕ್ಕದಲ್ಲಿ ಕೂತು ಕಾರ್ಬನ್ ಪೇಪರ್ ಜೋಡಿಸಿ ಕೊಡುತ್ತಿದ್ದೆ. ಹುಟ್ಟಿದ ದಿನದ ದಾಖಲೆಯೇ ಇಲ್ಲದ ಮುದುಕರು 'ಡ್ಯಾಮ್ ಕಟ್ಟಾಕ ಹತ್ತಿದಾಗ ನನಗ ಮದುವಿ ಆಗಿತ್ತು' ಎನ್ನುತ್ತಿದ್ದರು. ಅಪ್ಪ ಲೆಕ್ಕ ಹಾಕಿ ಒಂದು ವರ್ಷ ಹೇಳಿ, ಅವರು ಹೂಂ ಅಂದರೆ ಬರೆಯುತ್ತಿದ್ದರು. ಪಹಣಿಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದ ಹೆಂಗಸರು 'ಎರಡೂ ನಾನೇ' ಎಂದು ಪ್ರಮಾಣ ಮಾಡುತ್ತಿದ್ದರು. ಟೈಪಾದದ್ದನ್ನು ಅಪ್ಪ ಗಟ್ಟಿಯಾಗಿ ಓದಿ, 'ನೀ ಹೇಳಿದಂಗ ಐತಿಲ್ಲ ನೋಡು' ಅನ್ನುತ್ತಿದ್ದರು. ಹೌದೆಂದ ಮೇಲೆಯೇ ಹೆಬ್ಬೆಟ್ಟು. ತಮಗೆ ಏನೇ ಅನಿಸಿದರೂ ಅದರಲ್ಲಿ ಒಂದಕ್ಷರ ಆಚೀಚೆ ಮಾಡಿದವರಲ್ಲ.

ನಾನು ಓದಿ ವಕೀಲಳಾದೆ, ಕೆಲವು ವರ್ಷಗಳ ನಂತರ ನೋಟರಿಯೂ ಆದೆ. ಹೆಸರು, ವಯಸ್ಸು, ವಿಳಾಸ, ಗಂಡ ಯಾರು, ಮಕ್ಕಳೆಷ್ಟು, ಬದುಕಿದ್ದೇನೆಯೇ ಇಲ್ಲವೇ ಎಂಬುದರವರೆಗೆ ಎಲ್ಲದಕ್ಕೂ ಜನ ನನ್ನ ಮುಂದೆ ಪ್ರಮಾಣ ಮಾಡಿದ್ದಾರೆ. ತನ್ನ ಬಗ್ಗೆ ತಾನು ಹೇಳುವ ಮಾತಿಗೆ ನಮ್ಮ ಕಾನೂನು ಇಷ್ಟು ಬೆಲೆ ಕೊಡುತ್ತದೆ. ಅದೇ ಮನುಷ್ಯರು 'ನಾನು ಹೆಣ್ಣು', 'ನಾನು ಗಂಡು', 'ನಾನು ಎರಡೂ ಅಲ್ಲ' ಎಂದಾಗ ಮಾತ್ರ ಮನೆಯವರು, ಊರವರು, ಗುಮಾಸ್ತರು, ಡಾಕ್ಟರು ಎಲ್ಲರಿಗೂ ಬೇರೆ ಸಾಕ್ಷಿ ಬೇಕಾಗುತ್ತದೆ. ಈ ಅನ್ಯಾಯವನ್ನು ನನ್ನ ಕಸುಬಿನ ಮೇಜಿನ ಮೇಲೆಯೇ ನೋಡಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಭಾಗದವರಿಗೆ ದೇವಿಗೆ ಮುಡಿಪಾದ ಜೋಗತಿಯರು ಹೊಸಬರಲ್ಲ. ತುಂಗಭದ್ರೆಯ ಆಚೆ ದಡದಲ್ಲಿ ಮುನಿರಾಬಾದು, ಅದರ ಮಗ್ಗುಲಲ್ಲೇ ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೆ ಜೋಗಮ್ಮ ಒಬ್ಬರು ಪಡ್ಡಲಗಿ ಬುಟ್ಟಿ ಹಿಡಿದು ಬರುತ್ತಿದ್ದರು. ಹಣೆ ತುಂಬ ಭಂಡಾರ, ಕೊರಳಲ್ಲಿ ಮುತ್ತಿನ ಸರ, ಮೊಣಕೈವರೆಗೆ ಹಸಿರು ಬಳೆ. ಚೌಡಿಕೆಯ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಅಜ್ಜಿ ಮೊರದಲ್ಲಿ ಜೋಳ ತುಂಬಿಕೊಂಡು ಹೊಸ್ತಿಲಿಗೆ ಬರುತ್ತಿದ್ದಳು. ಜೋಳ ಹಾಕಿ, ಕಾಲು ಮುಟ್ಟಿ, ನಮಗೂ ಮುಟ್ಟಿಸುತ್ತಿದ್ದಳು. ಆ ಜೋಗಮ್ಮ ಹುಟ್ಟಿದಾಗ ಮನೆಯವರು ಗಂಡು ಹುಟ್ಟಿತೆಂದು ಪೇಡೆ ಹಂಚಿದ್ದು ಅಜ್ಜಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು. ಆದರೂ 'ಯವ್ವಾ' ಎಂದೇ ಎಲ್ಲರೂ ಕರೆಯುತ್ತಿದ್ದುದು.

ಇದನ್ನು ತೋರಿಸಿ, ನಮ್ಮವರು ಯಾವತ್ತೋ ಇವರನ್ನು ಒಪ್ಪಿಕೊಂಡಿದ್ದರು, ಈಗ ಕಾನೂನು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ವಕೀಲರ ಸಂಘದ ಕಟ್ಟೆಯ ಮೇಲೆ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ಅರ್ಧ ಮಾತ್ರ ನಿಜ ಎಂದು ನನಗೆ ತಿಳಿಸಿಕೊಟ್ಟವರು ಅದೇ ಜೋಗಮ್ಮ.

ವಯಸ್ಸಾದ ಮೇಲೆ ಅವರು ಪಿಂಚಣಿಯ ಕಾಗದ ಮಾಡಿಸಲು ನನ್ನ ಬಳಿ ಬಂದಿದ್ದರು. ಸರ್ಕಾರ ಮೈತ್ರಿ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ತಿಂಗಳಿಗಿಷ್ಟು ಎಂದು ಕೊಡುವ ಹಣಕ್ಕೆ ಅರ್ಜಿ. ಮಳೆ ಹಿಡಿದುಕೊಂಡಿತ್ತು, ಬೇರೆ ಯಾರೂ ಇರಲಿಲ್ಲ. ಚಹಾ ಕುಡಿಯುತ್ತ ತಮ್ಮ ಕಥೆ ಹೇಳಿದರು. ಹುಡುಗನ ನಡೆ ನುಡಿ ಹೆಣ್ಣಿನಂತಿದೆ ಎಂದು ಅಣ್ಣಂದಿರು ಕಂಬಕ್ಕೆ ಕಟ್ಟಿ ಬಡಿದಿದ್ದರು. ಯಂತ್ರ ಕಟ್ಟಿಸಿದರು, ಹೊಗೆ ಹಾಕಿಸಿದರು. ಕೊನೆಗೆ ಒಬ್ಬ ಪೂಜಾರಿ 'ಇದು ಅಮ್ಮನ ಲೀಲೆ, ಅಮ್ಮ ಇವನನ್ನು ಕೇಳುತ್ತಿದ್ದಾಳೆ' ಎಂದ ಮೇಲೆ ಹುಲಿಗಿಗೆ ಕರೆದೊಯ್ದು ಉಡಿದಾರ ಹರಿದು, ಲಂಗ ಕುಪ್ಪಸ ತೊಡಿಸಿ, ಬಳೆ ಇಡಿಸಿ, ಮುತ್ತು ಕಟ್ಟಿಸಿ ಅಮ್ಮನಿಗೆ ಒಪ್ಪಿಸಿದರು. ತಾಯಿ ಮಗ ಸತ್ತಂತೆ ಅತ್ತಳಂತೆ. ಅಲ್ಲಿಂದ ಮುಂದೆ ಬಡಿದ ಅಣ್ಣಂದಿರೇ ಕಾಲಿಗೆ ಬಿದ್ದರು.

'ಅಮ್ಮ ನನ್ನ ಮೈಮ್ಯಾಲೆ ಬಂದಿದ್ದು ಆಮ್ಯಾಲ್ರೀ ಅಕ್ಕಾರ' ಎಂದರು ಜೋಗಮ್ಮ. 'ನಾ ಹೆಣ್ಣು ಅನ್ನೂದು ನನಗ ಏಳನೇ ಕ್ಲಾಸಿನಾಗ ಗೊತ್ತಿತ್ತು. ನಾ ಹೇಳಿದಾಗ ಬಡಿದ್ರು. ಅಮ್ಮ ಹೇಳಿದಾಗ ಕೈ ಮುಗುದ್ರು.'

ಹೇಳಿದ್ದು ಒಂದೇ ಮಾತು. ಹೇಳಿದವರು ಬೇರೆಯಾದಾಗ ಊರಿನ ಕಿವಿ ತೆರೆಯಿತು. ಅವರಿಗೆ ಅಮ್ಮನ ಮೇಲಿದ್ದ ಭಕ್ತಿ ಅಪ್ಪಟವಾದದ್ದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಅಮ್ಮನಿಂದಲೇ ಬದುಕಿದೆ ಎಂದು ಕಣ್ಣೀರು ತುಂಬಿ ಹೇಳಿದರು. ಆದರೆ ಹನ್ನೆರಡು ಹದಿಮೂರರ ಒಂದು ಮಗು ತನ್ನ ಬಗ್ಗೆ ತಾನು ಹೇಳಿದ ಸತ್ಯಕ್ಕೆ ದೇವರ ಜಾಮೀನು ಬೇಕಾಯಿತಲ್ಲ ಎಂಬ ಸಂಕಟ ನನಗೆ ಅವತ್ತಿನಿಂದ ಹೋಗಿಲ್ಲ. ದೇವರು ಬಾರದೆ ಹೋದ ಮಕ್ಕಳ ಗತಿ ಏನಾಯಿತು? ಎಷ್ಟು ಜನ ಕಾಲುವೆಗೆ ಹಾರಿದರು, ಎಷ್ಟು ಜನ ಮುಂಬೈ ರೈಲು ಹತ್ತಿದರು, ಎಷ್ಟು ಜನ ಮದುವೆಯಾಗಿ ಬಾಯಿ ಮುಚ್ಚಿಕೊಂಡು ಮುದುಕರಾದರು, ಯಾರೂ ಬರೆದಿಟ್ಟಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹುಲಿಗೆಮ್ಮ, ಸವದತ್ತಿ ಯಲ್ಲಮ್ಮನ ಗುಡಿಗಳ ಈ ಪದ್ಧತಿ ನಮ್ಮ ಕಚೇರಿಗಳಿಗಿಂತ ಎಷ್ಟೋ ಮೇಲು. ಅಲ್ಲಿ ಯಾರೂ ಸೀರೆ ಎತ್ತಿ ನೋಡಲಿಲ್ಲ. ಜೋಗಪ್ಪ ಎಂದೂ ಕರೆಸಿಕೊಳ್ಳುವ ಈ ಜೋಗತಿಯರಲ್ಲಿ ಬಹುಪಾಲು ಜನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲ. ಅಮ್ಮನಿಗೆ ಒಪ್ಪಿಸಿದ ಮೈ, ಅದಕ್ಕೆ ಕತ್ತರಿ ಯಾಕೆ ಎನ್ನುವವರೇ ಹೆಚ್ಚು. ಹಿಜಡಾ ಸಮುದಾಯದಲ್ಲಿ ಆ ಶಸ್ತ್ರಚಿಕಿತ್ಸೆಗೆ, ಅಂದರೆ ನಿರ್ವಾಣಕ್ಕೆ, ದೊಡ್ಡ ಗೌರವವಿದೆ, ಅದು ಅವರ ದಾರಿ. ಎರಡೂ ದಾರಿಯಲ್ಲಿ ನಡೆದವರನ್ನು ನಾನು ಕಂಡಿದ್ದೇನೆ. ಯಾರ ಹೆಣ್ತನವೂ ಇನ್ನೊಬ್ಬರದಕ್ಕಿಂತ ಕಡಿಮೆಯದಾಗಿ ನನಗೆ ಕಂಡಿಲ್ಲ.

ನಮ್ಮ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಇದೇ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡವರು. ಕಾಳವ್ವ ಜೋಗತಿಯವರಿಂದ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವ ಮೊದಲು ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದಾಗ ನಮ್ಮ ಕೋರ್ಟಿನ ಕ್ಯಾಂಟೀನಿನ ಟೀವಿಯ ಮುಂದೆ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದೆವು. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ಓದಿದವರಿಗೆ ಆ ಚಪ್ಪಾಳೆಗೂ ಮೊದಲಿನ ಬಾಳು ಎಂಥದೆಂದು ಗೊತ್ತಿರುತ್ತದೆ. ಪದ್ಮಶ್ರೀ ಬಂದ ಒಬ್ಬರನ್ನು ಗೌರವಿಸುವುದು ಕಷ್ಟವೇನಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವರ ಮಾತು ಬೇರೆ.

ಸರ್ಕಾರದ ಕಡೆಯ ಕಥೆಯೂ ಇಂಥದೇ. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಸರ್ಕಾರ ಬರೆದ ಕಾಗದಗಳಲ್ಲಿ ಹಳೆಯವೆಲ್ಲ ಬೇರೆಯವರು ಬರೆದ ಪಟ್ಟಿಗಳು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗದಲ್ಲಿ ಬ್ರಿಟಿಷರು ಇವರ ಹೆಸರು, ವಾಸಸ್ಥಳಗಳ ರಿಜಿಸ್ಟರು ಇಡುವಂತೆ ಅಧಿಕಾರಿಗಳಿಗೆ ಹೇಳಿದ್ದರು. ಅದು ಮುಗಿದು ಹೋದ ಕಾಲ ಎಂದುಕೊಂಡಿದ್ದ ನಮಗೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿದ್ದನ್ನು ಓದಿ ದಿಗಿಲಾಯಿತು. ಅನುಮಾನದ ಮೇಲೆ ಇವರ ರಿಜಿಸ್ಟರು ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಇಪ್ಪತ್ತೊಂದನೇ ಶತಮಾನದಲ್ಲಿ, ನಮ್ಮದೇ ವಿಧಾನಸಭೆಯಿಂದ! ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಆ ಕಲಮಿನಿಂದ ಇವರನ್ನು ಹೆಸರಿಸುವ ಪದವನ್ನು ತೆಗೆಯಲಾಯಿತು.

ಈ ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪು ಬಂತು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ಪೀಠ. ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ನಿರ್ಧರಿಸಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಬೇಕೆಂದು ಒತ್ತಾಯಿಸುವುದು ಅನೈತಿಕ, ಕಾನೂನುಬಾಹಿರ ಎಂದಿತು. ಆ ತೀರ್ಪನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ರಾತ್ರಿಯೆಲ್ಲ ಓದಿದ್ದು ನೆನಪಿದೆ. ವಕೀಲಿಕೆಗೆ ಬಂದ ಮೇಲೆ ಓದುತ್ತ ಓದುತ್ತ ಕಣ್ಣು ಒದ್ದೆಯಾದ ತೀರ್ಪುಗಳು ಕಡಿಮೆ, ಅದರಲ್ಲಿ ಇದೊಂದು.

ಆದರೆ ತೀರ್ಪು ದಿಲ್ಲಿಯಿಂದ ತಾಲ್ಲೂಕು ಕಚೇರಿಗೆ ಬರುವಷ್ಟರಲ್ಲಿ ಸವೆಯುತ್ತದೆ. 2016ರ ಮಸೂದೆಯಲ್ಲಿ ಯಾರು ಟ್ರಾನ್ಸ್‌ಜೆಂಡರ್ ಎಂದು ತೀರ್ಮಾನಿಸಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಎಂದಿತ್ತು, ಅದರಲ್ಲಿ ವೈದ್ಯರೂ ಇರಬೇಕಿತ್ತು. ದೇಶದ ಎಲ್ಲೆಡೆ ಇವರು ಬೀದಿಗಿಳಿದು ವಿರೋಧಿಸಿದ್ದರಿಂದ ಅದು ಬಿದ್ದುಹೋಯಿತು. 2019ರ ಕಾಯ್ದೆಯ ನಾಲ್ಕನೇ ಕಲಂ ತಾನು ಅರಿತುಕೊಂಡ ಲಿಂಗ ಗುರುತಿನ ಹಕ್ಕನ್ನು ಒಪ್ಪಿತು, ಏಳನೇ ಕಲಂ ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಬೇಕಾದರೆ ಆಸ್ಪತ್ರೆಯ ಪತ್ರ ತನ್ನಿ ಎಂದಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ ಹಾಗೆ. 2020ರ ನಿಯಮಗಳಲ್ಲಿ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಮತ್ತು ಅಫಿಡವಿಟ್ ಸಾಕು, ಯಾವ ದೈಹಿಕ ಪರೀಕ್ಷೆಯೂ ಬೇಡ, ಜಿಲ್ಲಾಧಿಕಾರಿ 30 ದಿನದೊಳಗೆ ಕೊಡಬೇಕು ಎಂದು ಬರೆದಿತ್ತು. ಅಲ್ಲಿಂದ ನನ್ನ ಕಚೇರಿಗೆ ಈ ಅಫಿಡವಿಟ್ಟಿಗಾಗಿ ಬರುವವರು ಶುರುವಾದರು. ಮೊದಲೆಲ್ಲ ಬಳ್ಳಾರಿಗೆ ಹೋಗಬೇಕಿತ್ತು, 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಜಿಲ್ಲಾಧಿಕಾರಿ ಕಚೇರಿ ಹೊಸಪೇಟೆಗೇ ಬಂತು.

ಹಾಗೆ ಬಂದವರಲ್ಲಿ ಒಬ್ಬ ಹುಡುಗನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜೋಗಮ್ಮನಂಥವರನ್ನು ಊರು ನೋಡಿದೆ. ಹೆಣ್ಣೆಂದು ಬೆಳೆಸಿದ, ಆದರೆ ತಾನು ಗಂಡು ಎಂದು ಬಲ್ಲ ಇವನಂಥವರನ್ನು ಊರು ನೋಡಿಯೂ ನೋಡಿಲ್ಲ. ಇವನ ಪರವಾಗಿ ಮೈಮೇಲೆ ಬರುವ ದೇವಿ ನಮ್ಮ ಸೀಮೆಯಲ್ಲಿಲ್ಲ, ತುಂಬಿಸಿಕೊಳ್ಳಲು ಪಡ್ಡಲಗಿಯಿಲ್ಲ, ಹೋಗಿ ಸೇರಲು ಮನೆಯಿಲ್ಲ. ಇವನಿಗಿದ್ದದ್ದು ಅವನ ಮಾತೊಂದೇ.

ತಾಯಿಯ ಜೊತೆ ಬಂದಿದ್ದ. ಡಿಪ್ಲೊಮಾ ಮುಗಿಸಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕತ್ತರಿಸಿದ ಕೂದಲು, ಚೆಕ್ಸ್ ಅಂಗಿ, ಉಗುರಿನ ಸಂದಿಯಲ್ಲಿ ವಾರ್ನಿಶು. ತಾಯಿ ಹೊಲದ ಕೂಲಿ ಮಾಡುವವಳು. ಮಗ ಕಾಗದಗಳನ್ನು ಝೆರಾಕ್ಸ್ ಮಾಡಿಸಲು ಹೊರಗೆ ಹೋದಾಗ ಆಕೆ ಕುರ್ಚಿಯ ಅಂಚಿಗೆ ಸರಿದು ಮೆತ್ತಗೆ ಕೇಳಿದಳು.

'ನೀವು ಓದಿದೋರು ಅದೀರಿ ಮೇಡಮ್ಮಾರ. ಇದು ಖರೇನ ಏನ್ರಿ? ಇವಳು ಹೇಳೂದು?'

ನಾನು ತೀರ್ಪಿನ ಮಾತು ಹೇಳಹೊರಡಲಿಲ್ಲ. 'ನಿಮಗ ಏನ ಅನ್ನಿಸ್ತದ ತಾಯಿ?' ಎಂದೆ.

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಸಣ್ಣದಿದ್ದಾಗ ಜಡೆ ಹಾಕಿದರೆ ಬಿಚ್ಚಿಕೊಳ್ಳುತ್ತಿತ್ತು. ಮೈನೆರೆದಾಗ ಆರತಿಗೆ ಕೂರಿಸಿದರೆ ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಅಡಗಿ ಕೂತಿತ್ತು. ಗಂಡು ನೋಡಲು ಬಂದ ದಿನ ಇಲಿಪಾಷಾಣ ತಿಂದು ಬಳ್ಳಾರಿ ಆಸ್ಪತ್ರೆಯಲ್ಲಿ ಉಳಿದುಕೊಂಡಿತು. 'ಅವತ್ತ ಡಾಕ್ಟರು ಉಳೀತದ ಅಂದ ಮ್ಯಾಲೆ ಹುಲಿಗೆಮ್ಮಗ ಹರಕಿ ಹೊತ್ತೆ. ಮಗಳು ಬೇಕು ಅನಲಿಲ್ರಿ, ಮಗ ಬೇಕು ಅನಲಿಲ್ಲ. ಕೂಸು ಬೇಕು ಅಂದೆ. ಈಗ ಅದು ಏನಂತದೋ ಅದ ಖರೆ ಇರಬೇಕು.'

ಹುಡುಗ ಝೆರಾಕ್ಸ್ ಹಿಡಿದು ವಾಪಸು ಬಂದಾಗ ತಾಯಿ ಅವನನ್ನು ಹೊಸ ಹೆಸರಿನಿಂದ ಕರೆದು ಕೂರಲು ಹೇಳಿದಳು. ನಾನು ಟೈಪಾದದ್ದನ್ನು ಓದಿ ಹೇಳಿದೆ. ಸಹಿ ಹಾಕುವಾಗ ಅವನ ಕೈ ನಡುಗುತ್ತಿತ್ತು. ರಿಜಿಸ್ಟರಿನಲ್ಲಿ ಹೆಸರು ಬರೆದು, ಮೊಹರು ಹಾಕಿ ಕೊಟ್ಟೆ.

ಗುರುತಿನ ಪ್ರಮಾಣಪತ್ರ ತಡವಾಗಿಯಾದರೂ ಬಂತು. ನಿಜವಾದ ತಕರಾರು ಶುರುವಾದದ್ದು ಆಮೇಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ. ನಮ್ಮಲ್ಲಿ ಕೆಲಸ, ಬ್ಯಾಂಕು, ಪಾಸ್‌ಪೋರ್ಟು ಎಲ್ಲದಕ್ಕೂ ಅದೇ ಬುಡ. ಅದರಲ್ಲಿ ಹೆಣ್ಣಿನ ಹೆಸರಿದ್ದರೆ, ಕೆಲಸ ಕೇಳಲು ಹೋದಲ್ಲೆಲ್ಲ ತನ್ನ ಇಡೀ ಕಥೆಯನ್ನು ಅಪರಿಚಿತರ ಮುಂದೆ ಬಿಚ್ಚಬೇಕು. ಒಂದು ಕಚೇರಿಯಲ್ಲಿ ಗುಮಾಸ್ತರು, 'ಆಪರೇಷನ್ ಆಗಿದೆಯಾ? ಸರ್ಟಿಫಿಕೇಟ್ ತಾ' ಎಂದು ಹತ್ತು ಜನರ ಎದುರು ಕೇಳಿದರಂತೆ. ಇನ್ನೊಂದು ಕಡೆ, ಹುಟ್ಟಿದ ದಾಖಲೆ ಬದಲಾಗದೆ ಇದು ಬದಲಾಗದು ಎಂದರು. ಹುಟ್ಟಿದ ದಾಖಲೆಯವರು, ತಪ್ಪು ಬರೆದಿದ್ದರೆ ತಿದ್ದಬಹುದು, ಅವತ್ತು ಬರೆದದ್ದು ತಪ್ಪಲ್ಲವಲ್ಲ ಎಂದರು.

ಈ ಎರಡಕ್ಕೂ ನಮ್ಮ ಹೈಕೋರ್ಟ್ ಉತ್ತರ ಕೊಟ್ಟಿದೆ. ಶಾಲಾ ಕಾಲೇಜಿನ ಪ್ರಮಾಣಪತ್ರಗಳಲ್ಲಿ ಹೆಸರು ಮತ್ತು ಲಿಂಗ ಬದಲಾಯಿಸಿ ಕೊಡುವಂತೆ 2020ರಲ್ಲಿ ಒಂದು ಪ್ರಕರಣದಲ್ಲಿ ಆದೇಶಿಸಿತು. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗುವವರೆಗೂ ಹಳೆಯ ಮತ್ತು ಹೊಸ ಎರಡೂ ವಿವರ ಇರುವ ಜನನ ಪ್ರಮಾಣಪತ್ರವನ್ನು ಕೊಡಬೇಕೆಂದರು. ಹಳೆಯ ಹೆಸರೂ ಅದರಲ್ಲಿ ಉಳಿಯುವುದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ ಬಾಗಿಲು ತೆರೆದಿದೆ.

ಇಂಥವರ ಕೆಲಸ ಮಾಡಿಕೊಡುತ್ತೇನೆ ಎಂದು ಗೊತ್ತಾದ ಮೇಲೆ ಸಹೋದ್ಯೋಗಿಗಳು ಕೇಳುವ ಪ್ರಶ್ನೆ ಒಂದೇ: 'ಸುಳ್ಳು ಹೇಳಿದರೆ?' ಅದರಲ್ಲೂ 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇ. 1ರಷ್ಟು ಸಮತಲ ಮೀಸಲಾತಿ ತಂದ ಮೇಲೆ ಈ ಪ್ರಶ್ನೆ ಇನ್ನೂ ಜೋರಾಯಿತು. ದೇಶದಲ್ಲೇ ಮೊದಲು ನಾವು ಮಾಡಿದ ಕೆಲಸ ಅದು, ನನಗೆ ಹೆಮ್ಮೆ ಇದೆ. ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಆದಾಯ ಕಡಿಮೆ ತೋರಿಸಿ ಸುಳ್ಳು ಅಫಿಡವಿಟ್ ಕೊಡುವವರು ಇದ್ದಾರೆಂದು ನಾವು ಬಡವರೆಲ್ಲರ ಮನೆಗೆ ಹೋಗಿ ಮಡಕೆ ತಡಕುವುದಿಲ್ಲ. ಸುಳ್ಳು ಪ್ರಮಾಣಕ್ಕೆ ಶಿಕ್ಷೆಯಿದೆ, ಅದು ಎಲ್ಲರಿಗೂ ಒಂದೇ. ಮತ್ತೆ, ಮನೆ ಬಿಡಿಸುವ, ಬಾಡಿಗೆ ಮನೆ ಸಿಗದಂತೆ ಮಾಡುವ, ಮದುವೆ ಮನೆಯಿಂದ ಹೊರಗಿಡುವ ಒಂದು ಗುರುತನ್ನು ಶೇ. 1ರ ಆಸೆಗೆ ಯಾರು ಹೊತ್ತುಕೊಳ್ಳುತ್ತಾರೆ? ಕೇಳುವವರು ಒಂದು ದಿನ ಆ ಗುರುತಿನಲ್ಲಿ ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಲಿ.

ಇನ್ನೊಬ್ಬರು ಬಂದಿದ್ದರು, ಕಾಲೇಜಿನ ವಿದ್ಯಾರ್ಥಿ. ಕಾಗದವೆಲ್ಲ ಸಿದ್ಧವಾದ ಮೇಲೆ ಲಿಂಗದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. ಪೆನ್ನು ಹಿಡಿದು ಕೂತವರು ಕೊನೆಗೆ 'ನನಗಿನ್ನೂ ಪೂರ್ತಿ ಗೊತ್ತಾಗ್ತಿಲ್ಲ ಮೇಡಂ. ಗೊತ್ತಾದಾಗ ಬರ್ಲಾ?' ಎಂದರು. ಬನ್ನಿ, ಯಾವಾಗಲಾದರೂ ಬನ್ನಿ, ಬಾರದಿದ್ದರೂ ನಡೆಯುತ್ತದೆ ಎಂದೆ. ತನ್ನನ್ನು ತಾನು ಹೇಳಿಕೊಳ್ಳುವ ಹಕ್ಕಿನಲ್ಲಿ ಹೇಳದೆ ಇರುವ ಹಕ್ಕೂ ಸೇರಿದೆ. ಕಾಲಾವಕಾಶವೂ ಸೇರಿದೆ. ಹದಿನೆಂಟು ಇಪ್ಪತ್ತರ ಮಕ್ಕಳನ್ನು ಎದುರು ನಿಲ್ಲಿಸಿಕೊಂಡು 'ನೀನು ಏನು, ಈಗಲೇ ಹೇಳು' ಎನ್ನುವುದು ವಿಚಾರಣೆಯೇ ಹೊರತು ಗೌರವವಲ್ಲ. ಅವರು ಮತ್ತೆ ಬಂದಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಜೋಗಮ್ಮ ಕೋವಿಡ್ಡಿನ ಎರಡನೇ ಅಲೆಯಲ್ಲಿ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ಅಣ್ಣನ ಮಕ್ಕಳು ಗಂಡಸಿನ ಬಟ್ಟೆ ಉಡಿಸಲು ಹೋದರಂತೆ. ಜೊತೆಗಿದ್ದ ಜೋಗತಿಯರು ಅಡ್ಡ ನಿಂತು, ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಟ್ಟು ಕಳಿಸಿಕೊಟ್ಟರು. ಆ ಹೆಂಗಸರಿಗೆ ನಾನು ಋಣಿ.

ವೈಂಡಿಂಗ್ ಅಂಗಡಿಯ ಹುಡುಗನ ಅಂಕಪಟ್ಟಿ ಇನ್ನೂ ಬದಲಾಗಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿದೆ, ನಾವು ಬಿಟ್ಟಿಲ್ಲ. ಇದನ್ನು ಓದುತ್ತಿರುವವರಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು, ಪಂಚಾಯಿತಿಯ ಅಧಿಕಾರಿಗಳು, ಬ್ಯಾಂಕಿನ ಗುಮಾಸ್ತರು ಇದ್ದರೆ ನನ್ನದೊಂದು ಕೋರಿಕೆ. ಇಂಥ ಅರ್ಜಿ ನಿಮ್ಮ ಮುಂದೆ ಬಂದರೆ, ಕೊಟ್ಟವರನ್ನು ಅವರು ಹೇಳಿದ ಹೆಸರಿನಿಂದಲೇ ಕರೆದು ಕೂರಿಸಿ. ಮೈಯ ಬಗ್ಗೆ ಏನನ್ನೂ ಕೇಳಬೇಡಿ. ಕಾನೂನು ಏನು ಹೇಳುತ್ತದೆ ಎಂಬ ಅನುಮಾನವಿದ್ದರೆ ನಾಲ್ಸಾ ತೀರ್ಪು, ನಮ್ಮ ಹೈಕೋರ್ಟಿನ ಎರಡೂ ಆದೇಶ ಓದಿ, ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಓದಿದ ಮೇಲೆ ಅರ್ಜಿಯನ್ನು ಇಟ್ಟುಕೊಳ್ಳದೆ ಅದೇ ವಾರ ಸಹಿ ಮಾಡಿ ಕಳಿಸಿ.